ವೇಗದ ಆಟ, ಚಲಿಸದ ಬೆರಳು: ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಕುರಿತು ವಿಜಯಪುರದಿಂದ ಒಂದು ವಿಮರ್ಶೆ

ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾದವನಿಗೆ ವಿಡಿಯೋ ಗೇಮ್ ಆಡುವ ಆಸೆಯಿದೆ ಎಂದು ತಿಳಿದೊಡನೆ ಹಿತೈಷಿಗಳು ಕೊಡುವ ಸಲಹೆ ಬಹುತೇಕ ಒಂದೇ ಆಗಿರುತ್ತದೆ: ಚೆಸ್ ಆಡು, ಇಸ್ಪೀಟು ಆಡು, ಅವಸರವಿಲ್ಲದ ಯಾವುದಾದರೂ ಆಟ ನೋಡಿಕೋ. ಈ ಮಾತಿನ ಹಿಂದಿರುವ ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೈಕಾಲು ಮೊದಲಿನಂತೆ ಓಡದವನ ಆಟವೂ ಓಡಬಾರದು ಎಂಬ ಊಹೆಯನ್ನು ಒಪ್ಪಲಾರೆ. ನನಗೆ ಬೇಕಾದದ್ದು ವೇಗ. ಚೆಂಡು ಗೋಡೆಗೆ ಬಡಿದು ಹಿಂದಿರುಗುವ ಮೊದಲೇ ಅದು ಎಲ್ಲಿ ಬೀಳುತ್ತದೆ ಎಂದು ಊಹಿಸಿ, ಅಲ್ಲಿಗೆ ಮೊದಲು ತಲುಪುವ ಸುಖ ಬೇಕು. ಆ ಸುಖವನ್ನು ನನಗೆ ಮರಳಿ ಕೊಟ್ಟ ಸಾಧನವೆಂಬ ಕಾರಣಕ್ಕೆ ಮೈಕ್ರೋಸಾಫ್ಟ್ ಕಂಪನಿ ತನ್ನ ಎಕ್ಸ್‌ಬಾಕ್ಸ್ ಎಂಬ ಗೇಮ್ ಯಂತ್ರಕ್ಕಾಗಿ, ಅಂಗವಿಕಲರಿಗೆಂದು ಮಾಡಿದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ (ಆಟವನ್ನು ನಿಯಂತ್ರಿಸುವ ಸಾಧನ) ಬಗ್ಗೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಸಾಧನವನ್ನು ಕೊಂಡರಷ್ಟೇ ಆ ಸುಖ ಸಿಗುವುದಿಲ್ಲ ಎಂಬುದನ್ನೂ ಅಷ್ಟೇ ವಿವರವಾಗಿ ಹೇಳಬೇಕಾಗಿದೆ.

ಯಾವ ದೇಹದಿಂದ ಈ ಮಾತು ಬರುತ್ತಿದೆ ಎಂಬುದು ತಿಳಿಯದೆ ಇಂಥ ವಿಮರ್ಶೆಯಿಂದ ಪ್ರಯೋಜನವಿಲ್ಲ. ನನ್ನದು ಸಿ-6 ಮಟ್ಟದ, ಅಂದರೆ ಕುತ್ತಿಗೆಯ ಆರನೆಯ ನರದ ಮಟ್ಟದಲ್ಲಿ ಬೆನ್ನುಹುರಿಗೆ ಆದ ಗಾಯ. ಭುಜಗಳು ಆಡುತ್ತವೆ, ಮೊಳಕೈ ಮಡಿಸಬಲ್ಲೆ, ಮಣಿಕಟ್ಟನ್ನು ಮೇಲಕ್ಕೆತ್ತಬಲ್ಲೆ. ಮೊಳಕೈಯನ್ನು ಬಲವಾಗಿ ಚಾಚಲಾರೆ, ಬೆರಳುಗಳಲ್ಲಿ ಚಲನೆಯಿಲ್ಲ. ಕತ್ತು ಸಂಪೂರ್ಣವಾಗಿ ನನ್ನ ಹಿಡಿತದಲ್ಲಿದೆ. ಅಂದರೆ ಎಳೆಯುವ ಶಕ್ತಿ ನನಗಿದೆ, ದೂಡುವ ಶಕ್ತಿ ಇಲ್ಲ; ಎತ್ತುವ ಶಕ್ತಿ ಇದೆ, ಒತ್ತುವ ಕೆಲಸವನ್ನು ಮಾತ್ರ ತೋಳಿನ ಭಾರದಿಂದಲೇ ಮಾಡಿಸಿಕೊಳ್ಳಬೇಕು. ಮುಂದೆ ಹೇಳುವ ಜೋಡಣೆಯೆಲ್ಲ ಈ ಲೆಕ್ಕಾಚಾರದಿಂದಲೇ ಹುಟ್ಟಿದೆ. ಬೇರೆ ಬಗೆಯ ಅಂಗವೈಕಲ್ಯ ಇರುವವರು, ಉದಾಹರಣೆಗೆ ಸ್ನಾಯುಕ್ಷಯ ಅಥವಾ ಸೆರೆಬ್ರಲ್ ಪಾಲ್ಸಿ ಇರುವವರು, ಜೋಡಣೆಯನ್ನು ತಮ್ಮ ದೇಹಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕಾಗುತ್ತದೆ. ತತ್ತ್ವ ಮಾತ್ರ ಬದಲಾಗದು.

ಈ ಸಾಧನವನ್ನು 2018ರ ಮೇ ತಿಂಗಳಲ್ಲಿ ಪ್ರಕಟಿಸಿ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 99.99 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಿಟ್ಟರು. ಇದನ್ನು ರೂಪಿಸುವಾಗ ಬ್ರಿಟನ್ನಿನ ಸ್ಪೆಷಲ್‌ಎಫೆಕ್ಟ್, ಅಮೆರಿಕದ ಏಬಲ್‌ಗೇಮರ್ಸ್, ಗಾಯಗೊಂಡ ಸೈನಿಕರಿಗಾಗಿ ಕೆಲಸ ಮಾಡುವ ವಾರ್‌ಫೈಟರ್ ಎಂಗೇಜ್ಡ್, ಬೆನ್ನುಹುರಿಯ ಗಾಯಗಳ ಪುನರ್ವಸತಿಗೆ ಹೆಸರಾದ ಕ್ರೇಗ್ ಆಸ್ಪತ್ರೆ ಮುಂತಾದ ಸಂಸ್ಥೆಗಳ ಅನುಭವವನ್ನು ಪಡೆದುಕೊಂಡಿದ್ದಾರೆ. ಅದರ ಗುರುತು ಪೆಟ್ಟಿಗೆಯಿಂದಲೇ ಸಿಗುತ್ತದೆ. ಪೆಟ್ಟಿಗೆಯ ಅಂಚುಗಳಿಗೆ ದೊಡ್ಡ ಕುಣಿಕೆಗಳನ್ನು ಕೊಟ್ಟಿರುವುದರಿಂದ ಮಣಿಕಟ್ಟನ್ನು ಅದರೊಳಗೆ ತೂರಿಸಿ ಎಳೆದರೆ ಸಾಕು, ಮುಚ್ಚಳ ತೆರೆದುಕೊಳ್ಳುತ್ತದೆ. ಹಲ್ಲಿನಿಂದ ಟೇಪು ಕಚ್ಚಿ ಹರಿಯಬೇಕಾಗಿಲ್ಲ, ಕತ್ತರಿಯೂ ಬೇಡ. ನನಗಾಗಿ ಬಂದ ವಸ್ತುವನ್ನು ನಾನೇ ತೆರೆಯಬಹುದು ಎಂಬುದನ್ನು ಸಣ್ಣ ಸಂಗತಿಯೆಂದು ಯಾರೂ ಭಾವಿಸಬಾರದು. ಔಷಧದ ಡಬ್ಬಿಯಿಂದ ಹಿಡಿದು ಬಿಸ್ಕತ್ತಿನ ಪೊಟ್ಟಣದವರೆಗೆ ನಮ್ಮ ಮನೆಗೆ ಬರುವ ಬೇರಾವ ವಸ್ತುವೂ ಈ ಸೌಜನ್ಯವನ್ನು ತೋರಿಸಿಲ್ಲ.

ಒಳಗಿರುವುದು ಅಗಲವಾದ, ತೆಳ್ಳಗಿನ ಬಿಳಿಯ ಹಲಗೆಯಂಥ ಸಾಧನ. ತೂಕ ಸುಮಾರು ಅರ್ಧ ಕೆ.ಜಿ.ಗಿಂತ ತುಸು ಹೆಚ್ಚು. ಮೇಲೆ ಅಂಗೈಯಷ್ಟು ಅಗಲದ ಎರಡು ಕಪ್ಪು ಗುಂಡಿಗಳು, ದಿಕ್ಕಿನ ಗುಂಡಿ, ಪ್ರೊಫೈಲ್ (ಯಾವ ಗುಂಡಿಗೆ ಯಾವ ಕೆಲಸ ಎಂಬ ಹಂಚಿಕೆ) ಬದಲಿಸುವ ಗುಂಡಿ. ಎಡ ಬಲ ಬದಿಗಳಲ್ಲಿ ಒಂದೊಂದು ಯುಎಸ್‌ಬಿ ಕಿಂಡಿ. ಎಡಕ್ಕೆ ಸಿಕ್ಕಿಸಿದ ಜಾಯ್‌ಸ್ಟಿಕ್ ಮಾಮೂಲು ಕಂಟ್ರೋಲರಿನಲ್ಲಿ ಹೆಬ್ಬೆರಳಿನಿಂದ ವಾಲಿಸುವ ಎರಡು ಪುಟ್ಟ ಕಡ್ಡಿಗಳ (ಸ್ಟಿಕ್) ಪೈಕಿ ಎಡ ಕಡ್ಡಿಯಂತೆಯೂ, ಬಲಕ್ಕೆ ಸಿಕ್ಕಿಸಿದ್ದು ಬಲ ಕಡ್ಡಿಯಂತೆಯೂ ಕೆಲಸ ಮಾಡುತ್ತದೆ. ಹಿಂಬದಿಯಲ್ಲಿ ಸಾಲಾಗಿ 19 ಜಾಕ್‌ಗಳಿವೆ, ಎಲ್ಲವೂ ಹಳೆಯ ಮೊಬೈಲಿನ ಇಯರ್‌ಫೋನ್ ಸಿಕ್ಕಿಸುತ್ತಿದ್ದ 3.5 ಮಿ.ಮೀ. ಅಳತೆಯವು. ಸಾಧನದ ಜೀವವೆಲ್ಲ ಈ ಸಾಲಿನಲ್ಲಿದೆ. ಮಾಮೂಲು ಕಂಟ್ರೋಲರಿನ ಗುಂಡಿಗಳಿಗೆ ಇಲ್ಲಿ ಒಂದೊಂದು ಜಾಕ್ ಇದ್ದು, ಅದಕ್ಕೆ ಯಾವ ಸ್ವಿಚ್ಚನ್ನಾದರೂ ಜೋಡಿಸಿ, ಆ ಸ್ವಿಚ್ಚನ್ನು ದೇಹದ ಯಾವ ಭಾಗದ ಬಳಿಯಾದರೂ ಇರಿಸಿಕೊಳ್ಳಬಹುದು.

ಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಇದನ್ನೇ: ಇದು ಕಂಟ್ರೋಲರ್ ಎನ್ನುವುದಕ್ಕಿಂತ ಕಂಟ್ರೋಲರ್ ಕಟ್ಟಿಕೊಳ್ಳುವುದಕ್ಕೆ ಬೇಕಾದ ಅಡಿಪಾಯ. ಪೆಟ್ಟಿಗೆಯಲ್ಲಿ ಒಂದೇ ಒಂದು ಹೊರಗಿನ ಸ್ವಿಚ್ ಇಲ್ಲ, ಜಾಯ್‌ಸ್ಟಿಕ್ ಇಲ್ಲ. ಮೇಲಿನ ಎರಡು ಗುಂಡಿಗಳಿಂದ ಯಾವ ವೇಗದ ಆಟವನ್ನೂ ಆಡಲಾಗದು. ಹಾಗಾಗಿ ಈ ಸಾಧನವೊಂದನ್ನೇ ಕೊಂಡು ಮೇಜಿನ ಮೇಲಿಟ್ಟು ನಿರಾಶರಾಗುವ ಕುಟುಂಬಗಳು ಇರುವುದು ಸಹಜ. ತಪ್ಪು ಅವರದಲ್ಲ; ಜಾಹೀರಾತುಗಳಲ್ಲಿ ಎದ್ದು ಕಾಣುವುದು ಈ ಬಿಳಿಯ ಹಲಗೆಯೇ ಹೊರತು ಅದರ ಹಿಂದಿನಿಂದ ಹೊರಟ ತಂತಿಗಳಲ್ಲ.

ಸ್ವಿಚ್ಚುಗಳ ವಿಷಯಕ್ಕೆ ಬರುತ್ತೇನೆ. ಅಂಗವಿಕಲರಿಗೆಂದೇ ಹೊರದೇಶಗಳಲ್ಲಿ ತಯಾರಾಗುವ ಒಂದೊಂದು ಸ್ವಿಚ್ಚಿನ ಬೆಲೆ ಹಲವು ಸಾವಿರ ರೂಪಾಯಿಗಳಾಗುತ್ತದೆ, ನನಗೆ ಬೇಕಾದಷ್ಟನ್ನು ಕೊಂಡರೆ ಅದು ಕಂಟ್ರೋಲರಿನ ಬೆಲೆಯನ್ನು ಎಷ್ಟೋ ಮೀರುತ್ತದೆ. ಲಾಜಿಟೆಕ್ ಕಂಪನಿ 2019ರ ನವೆಂಬರ್‌ನಲ್ಲಿ ತಂದ ಅಡಾಪ್ಟಿವ್ ಗೇಮಿಂಗ್ ಕಿಟ್ ಈ ಹೊರೆಯನ್ನು ತುಸು ಇಳಿಸಿತು: ಅದೇ 99.99 ಡಾಲರಿಗೆ ಸಣ್ಣವು, ದೊಡ್ಡವು, ಹಗುರ ಸ್ಪರ್ಶದವು, ಒತ್ತಿದಷ್ಟೇ ಪ್ರಮಾಣದಲ್ಲಿ ಪ್ರತಿಕ್ರಿಯಿಸುವ ಎರಡು ಟ್ರಿಗರ್‌ಗಳು, ಹೀಗೆ ಒಟ್ಟು 12 ಸ್ವಿಚ್ಚುಗಳು, ಜೊತೆಗೆ ಅವನ್ನು ಅಂಟಿಸಲು ವೆಲ್ಕ್ರೊ ಹಲಗೆಗಳು. ಒಳ್ಳೆಯ ಕಿಟ್. ಆದರೂ ಸ್ವಿಚ್ಚೆಂದರೆ ಎರಡು ತಂತಿಗಳನ್ನು ಕ್ಷಣಕಾಲ ಕೂಡಿಸುವ ವಸ್ತು, ಅದಕ್ಕಿಂತ ಹೆಚ್ಚೇನೂ ಅಲ್ಲ ಎಂಬುದನ್ನು ಅರಿತ ಮೇಲೆ ನಮ್ಮ ಊರಿನಲ್ಲಿಯೇ ಅವನ್ನು ಮಾಡಿಸಿಕೊಳ್ಳುವುದು ಸಾಧ್ಯ ಎನ್ನುವುದು ನನ್ನ ಅನುಭವ. ಗಾಂಧಿ ಚೌಕದ ಆಸುಪಾಸಿನ ಎಲೆಕ್ಟ್ರಿಕ್ ಅಂಗಡಿಗಳಲ್ಲಿ 3.5 ಮಿ.ಮೀ. ಪಿನ್ನೂ ತಂತಿಯೂ ಸಿಕ್ಕವು, ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳಲ್ಲಿ ಬಳಸುವ 30 ಮಿ.ಮೀ. ಗುಂಡಿಗಳನ್ನು ಆನ್‌ಲೈನ್‌ನಲ್ಲಿ ತರಿಸಿದೆವು, ಮೊಬೈಲ್ ರಿಪೇರಿ ಮಾಡುವ ನಮ್ಮ ಓಣಿಯ ಹುಡುಗ ಅವನ್ನು ಬೆಸುಗೆ ಹಾಕಿಕೊಟ್ಟ. ಒಂದೊಂದಕ್ಕೆ ತಗುಲಿದ ಖರ್ಚು ಕೆಲವು ನೂರು ರೂಪಾಯಿಗಳನ್ನು ದಾಟಲಿಲ್ಲ. ಇಂಥ ಸ್ವಿಚ್ಚುಗಳ ನಕಾಶೆಗಳನ್ನು ಕೆನಡಾದ ಮೇಕರ್ಸ್ ಮೇಕಿಂಗ್ ಚೇಂಜ್ ಎಂಬ ಯೋಜನೆಯವರು ಎಲ್ಲರಿಗೂ ಉಚಿತವಾಗಿ ಒದಗಿಸಿದ್ದಾರೆ. ಬೆಸುಗೆ ಹಾಕಲು ಬಲ್ಲ ಯಾರಿಗಾದರೂ ಆ ಚಿತ್ರಗಳನ್ನು ತೋರಿಸಿದರೆ ಸಾಕು.

ಸ್ವಿಚ್ಚನ್ನು ಆರಿಸುವಾಗ ಅದರ ಬಿಗಿಯನ್ನು ನೋಡಬೇಕು. ಆರ್ಕೇಡ್ ಗುಂಡಿಯ ತಳದಲ್ಲಿರುವ ಮೈಕ್ರೋಸ್ವಿಚ್ಚನ್ನು ಬದಲಿಸಬಹುದು. ಉದ್ದನೆಯ ಲೋಹದ ಪಟ್ಟಿಯಿರುವ ಮೈಕ್ರೋಸ್ವಿಚ್ ಕಡಿಮೆ ಬಲಕ್ಕೇ ಕೂಡಿಕೊಳ್ಳುತ್ತದೆ. ಹಗುರವಾದಷ್ಟೂ ಒಳ್ಳೆಯದು ಎಂದು ತೋರಬಹುದಾದರೂ ಹಾಗಲ್ಲ. ಬೆನ್ನುಹುರಿಯ ಗಾಯವಾದವರಿಗೆ ಸ್ನಾಯುಸೆಳೆತ ಬರುವುದು ಸಾಮಾನ್ಯ, ತೀರ ಹಗುರವಾದ ಸ್ವಿಚ್ಚಿನ ಮೇಲೆ ತೋಳು ಅದುರಿದರೆ ಬೇಡದ ಹೊತ್ತಿನಲ್ಲಿ ಆಟದೊಳಗಿನ ಕಾರು ಜಿಗಿದುಬಿಡುತ್ತದೆ. ಆದ್ದರಿಂದ ತೋಳು ಸದಾ ಒರಗಿರುವ ಜಾಗಕ್ಕೆ ಬಿಗಿಯಾದ ಸ್ವಿಚ್ಚನ್ನೂ, ತಲೆ ಅಥವಾ ಮೊಳಕೈ ಹೋಗಿ ಮುಟ್ಟಬೇಕಾದ ಜಾಗಕ್ಕೆ ಹಗುರವಾದದ್ದನ್ನೂ ಇಡುವುದು ಸರಿ.

ಜಾಯ್‌ಸ್ಟಿಕ್ ಇದಕ್ಕಿಂತ ಕಷ್ಟದ ವಿಷಯ. ನಾನು ಬಳಸುವುದು ವಿಮಾನದ ಆಟಗಳಿಗೆಂದು ಮಾಡಿದ ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊ ಎಂಬ ಎತ್ತರದ ಜಾಯ್‌ಸ್ಟಿಕ್. ಇದು ಅಡಾಪ್ಟಿವ್ ಕಂಟ್ರೋಲರಿನ ಯುಎಸ್‌ಬಿ ಕಿಂಡಿಗೆ ನೇರವಾಗಿ ಹೊಂದಿಕೊಳ್ಳುತ್ತದೆ. ಆದರೆ ಅದರ ಹಿಡಿಕೆ ಬೆರಳಿನಿಂದ ಹಿಡಿಯುವವರಿಗೆ ಮಾಡಿದ್ದು, ನನ್ನ ಕೈ ಅದರ ಮೇಲೆ ನಿಲ್ಲುತ್ತಿರಲಿಲ್ಲ. ವಿದ್ಯುತ್ ಗಾಲಿಕುರ್ಚಿಗಳ ಜಾಯ್‌ಸ್ಟಿಕ್‌ಗೆ ಇಂಗ್ಲಿಷಿನ ಯು ಅಕ್ಷರದ ಆಕಾರದ ಹಿಡಿಕೆಯನ್ನು ಹಾಕುವುದುಂಟು. ಮಣಿಕಟ್ಟನ್ನು ಆ ಎರಡು ಕೊಂಬುಗಳ ನಡುವೆ ಇಳಿಬಿಟ್ಟರೆ ತೋಳು ಸರಿದತ್ತ ಕಡ್ಡಿಯೂ ಸರಿಯುತ್ತದೆ. ಅದೇ ಮಾದರಿಯನ್ನು ಕಾಗದದ ಮೇಲೆ ಬರೆದು ಇಂಡಿ ರಸ್ತೆಯ ಒಬ್ಬ ವೆಲ್ಡರ್ ಅವರಿಗೆ ಕೊಟ್ಟೆ. ಟ್ರ್ಯಾಕ್ಟರ್ ಟ್ರೇಲರುಗಳನ್ನು ದುರಸ್ತಿ ಮಾಡುವ ಆ ಹಿರಿಯರು ತೆಳು ಉಕ್ಕಿನ ಪಟ್ಟಿಯನ್ನು ಬಾಗಿಸಿ, ಅಂಚುಗಳನ್ನು ಉಜ್ಜಿ ನುಣುಪು ಮಾಡಿ, ಚರ್ಮ ತರಚದಂತೆ ಅದಕ್ಕೆ ಸೈಕಲ್ ಟ್ಯೂಬನ್ನು ಸುತ್ತಿ ಕೊಟ್ಟರು. ಈ ಕೊನೆಯ ಕೆಲಸವನ್ನು ನಾನು ಹೇಳಿರಲಿಲ್ಲ. ನನ್ನಂಥವರ ಚರ್ಮಕ್ಕೆ ಸ್ಪರ್ಶಜ್ಞಾನ ಕಡಿಮೆಯಿರುವುದರಿಂದ ತರಚಿದ್ದು ತಿಳಿಯದೆ ಹುಣ್ಣಾಗುತ್ತದೆ ಎಂಬುದನ್ನು ಅವರು ನನ್ನ ಕೈಯನ್ನು ನೋಡಿಯೇ ಊಹಿಸಿದರು. ವಿಮಾನದ ಜಾಯ್‌ಸ್ಟಿಕ್‌ನ ಸ್ಪ್ರಿಂಗ್ ಬಿಗಿಯಾಗಿದ್ದು, ದೀರ್ಘಕಾಲ ಆಡಿದರೆ ಭುಜ ಸೋಲುತ್ತದೆ ಎಂಬ ಕೊರತೆ ಉಳಿದೇ ಇದೆ. ಮೈಕ್ರೋಸಾಫ್ಟ್ 2024ರ ಆಗಸ್ಟ್‌ನಲ್ಲಿ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಜಾಯ್‌ಸ್ಟಿಕ್ ಎಂಬ 29.99 ಡಾಲರಿನ ಸಾಧನವನ್ನು ಪ್ರಕಟಿಸಿದೆ. ಕಡ್ಡಿ ಚಿಕ್ಕದಾದ್ದರಿಂದ ಬೆರಳಿನಲ್ಲಿ ಅಲ್ಪಸ್ವಲ್ಪ ಚಲನೆ ಉಳಿದವರಿಗೆ ಅದು ಹೆಚ್ಚು ಒಗ್ಗಬಹುದು.

ಈಗ ಆಟ. ಈ ಸಾಧನದ ಪರೀಕ್ಷೆಗೆ ರಾಕೆಟ್ ಲೀಗ್‌ಗಿಂತ ತಕ್ಕ ಆಟ ನನಗೆ ಕಂಡಿಲ್ಲ. 2015ರಲ್ಲಿ ಬಂದು, 2020ರಿಂದ ಉಚಿತವಾಗಿ ಸಿಗುತ್ತಿರುವ ಈ ಆಟದಲ್ಲಿ ಕಾರುಗಳಿಂದ ಕಾಲ್ಚೆಂಡನ್ನು ಆಡುತ್ತಾರೆ; ಪಂದ್ಯದ ಅವಧಿ 5 ನಿಮಿಷ; ಕಾರು ನೆಲದ ಮೇಲೆ, ಗೋಡೆಯ ಮೇಲೆ, ಗಾಳಿಯಲ್ಲಿ ಎಲ್ಲೆಂದರಲ್ಲಿ ಓಡುತ್ತದೆ. ಇಷ್ಟು ವೇಗದ ಆಟವಾದರೂ ಇದಕ್ಕೆ ಬೇಕಾದದ್ದು ಒಂದೇ ಕಡ್ಡಿ. ಗುರಿ ಹಿಡಿಯಲು ಬಲ ಕಡ್ಡಿ ಬೇಕಿಲ್ಲ, ಏಕೆಂದರೆ ಕ್ಯಾಮೆರಾ ತಾನಾಗಿಯೇ ಚೆಂಡನ್ನು ಹಿಂಬಾಲಿಸುವಂತೆ ಮಾಡಬಹುದು. ಉಳಿದ ಕೆಲಸಗಳಾದ ವೇಗ, ಹಿಮ್ಮುಖ ಚಲನೆ, ಜಿಗಿತ, ಬೂಸ್ಟ್ (ಕಾರಿಗೆ ಸಿಗುವ ಹೆಚ್ಚುವರಿ ವೇಗ), ಜಾರು ತಿರುವು ಇವೆಲ್ಲಕ್ಕೂ ಒಂದೊಂದು ಸ್ವಿಚ್ ಸಾಕು. ಯಾವ ಆಟ ಅಂಗವಿಕಲರಿಗೆ ಎಟುಕುತ್ತದೆ ಎಂಬುದನ್ನು ಅದರ ವೇಗ ನೋಡಿ ತೀರ್ಮಾನಿಸಬಾರದು, ಏಕಕಾಲಕ್ಕೆ ಎಷ್ಟು ಅವಯವಗಳನ್ನು ಕೇಳುತ್ತದೆ ಎಂಬುದನ್ನು ನೋಡಬೇಕು. ನಿಧಾನವಾಗಿ ನಡೆಯುವ ಎಷ್ಟೋ ಸಾಹಸದ ಆಟಗಳು ಎರಡು ಕಡ್ಡಿ ಮತ್ತು ಹತ್ತಾರು ಗುಂಡಿಗಳನ್ನು ಕೇಳಿ ನನ್ನನ್ನು ಹೊರಗಿಟ್ಟಿವೆ, ಈ ಮಿಂಚಿನ ಆಟ ಒಳಗೆ ಬಿಟ್ಟಿದೆ.

ನನ್ನ ಜೋಡಣೆ ಹೀಗಿದೆ. ಎಡ ಮಣಿಕಟ್ಟು ಯು ಹಿಡಿಕೆಯಲ್ಲಿ. ಕಾರನ್ನು ತಿರುಗಿಸುವುದು ಅದರಿಂದ. ಬಲಗೈ ಕಂಟ್ರೋಲರಿನ ದೊಡ್ಡ ಎ ಗುಂಡಿಯ ಮೇಲೆ ಒರಗಿರುತ್ತದೆ, ಜಿಗಿತ ಅದರಿಂದ. ಪಕ್ಕದ ಬಿ ಗುಂಡಿಗೆ ಕ್ಯಾಮೆರಾ ಬದಲಿಸುವ ಕೆಲಸವನ್ನು ಎಕ್ಸ್‌ಬಾಕ್ಸ್ ಆಕ್ಸೆಸರೀಸ್ ಆಪ್‌ನಲ್ಲಿ ವಹಿಸಿದ್ದೇನೆ. ಬೂಸ್ಟ್ ತಲೆಯ ಹಿಂದಿದೆ: ಗಾಲಿಕುರ್ಚಿಯ ತಲೆದಿಂಬಿಗೆ ಕಟ್ಟಿದ ಹಗುರ ಸ್ವಿಚ್ಚನ್ನು ಕತ್ತು ಹಿಂದಕ್ಕೆ ವಾಲಿಸಿ ಒತ್ತುತ್ತೇನೆ. ಹಿಮ್ಮುಖ ಚಲನೆ ಬಲ ಮೊಳಕೈಯ ಹೊರಬದಿಗೆ, ಜಾರು ತಿರುವು ಎಡ ಮೊಳಕೈಯ ಹೊರಬದಿಗೆ. ಭುಜ ಆಡುವುದರಿಂದ ಮೊಳಕೈಯನ್ನು ಹೊರಕ್ಕೆ ದೂಡುವುದು ನನಗೆ ಸುಲಭ. ಆಕ್ಸಿಲರೇಟರ್ ಮಾತ್ರ ಬೇರೆ ಬಗೆಯದು. ಪಂದ್ಯದ ಬಹುಪಾಲು ಅದನ್ನು ಒತ್ತಿಯೇ ಇರಬೇಕಾದ್ದರಿಂದ ಒಂದು ಅವಯವವನ್ನು ಅದಕ್ಕೇ ಮೀಸಲಿಡುವುದು ದುಂದು. ಅದಕ್ಕೆ ಟೇಬಲ್ ಲ್ಯಾಂಪುಗಳಲ್ಲಿರುವಂಥ, ಒಮ್ಮೆ ಒತ್ತಿದರೆ ಆನ್ ಆಗಿ ನಿಲ್ಲುವ, ಮತ್ತೊಮ್ಮೆ ಒತ್ತಿದರೆ ಆಫ್ ಆಗುವ ಪುಶ್ ಸ್ವಿಚ್ಚನ್ನು ಹಾಕಿಸಿದೆ. ಆಟದ ಸೆಟ್ಟಿಂಗಿನಲ್ಲಾಗಲಿ ಆಪ್‌ನಲ್ಲಾಗಲಿ ಏನನ್ನೂ ಬದಲಿಸದೆ, ಕೆಲವೇ ರೂಪಾಯಿಗಳ ಈ ಸ್ವಿಚ್ ನನ್ನ ಇಡೀ ಬಲ ತೋಳನ್ನು ಬಿಡುಗಡೆ ಮಾಡಿತು. ನನ್ನ ಜೋಡಣೆಯಲ್ಲಿ ಅತಿ ಹೆಚ್ಚು ಉಪಯೋಗ ಕೊಟ್ಟದ್ದು ಯಾವುದು ಎಂದು ಯಾರಾದರೂ ಕೇಳಿದರೆ ಕಂಟ್ರೋಲರಿಗಿಂತ ಮೊದಲು ಇದನ್ನೇ ಹೇಳುತ್ತೇನೆ.

ಎರಡನೆಯ ಜಿಗಿತದ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. ರಾಕೆಟ್ ಲೀಗ್‌ನಲ್ಲಿ ಒಮ್ಮೆ ಜಿಗಿದ ಬಳಿಕ ಸುಮಾರು 1.25 ಸೆಕೆಂಡುಗಳೊಳಗೆ ಕಡ್ಡಿಯನ್ನು ಒಂದು ದಿಕ್ಕಿಗೆ ವಾಲಿಸಿ ಮತ್ತೆ ಜಿಗಿತವನ್ನು ಒತ್ತಿದರೆ ಕಾರು ಆ ದಿಕ್ಕಿಗೆ ಪಲ್ಟಿ ಹೊಡೆಯುತ್ತದೆ, ಚೆಂಡಿಗೆ ಬಲವಾದ ಪೆಟ್ಟು ಕೊಡಲು ಇದೇ ದಾರಿ. ಬೆರಳಿರುವವರು ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತಾರೆ. ನಾನು ಒರಗಿದ ತೋಳನ್ನು ಒತ್ತಿ, ಎತ್ತಿ, ಮತ್ತೆ ಬೀಳಿಸಬೇಕು. ಗಡುವಿನೊಳಗೆ ಆಗುತ್ತದೆ, ಆದರೆ ಅಷ್ಟರಲ್ಲಿ ಚೆಂಡು ಹೋಗಿರುತ್ತದೆ. ಪರಿಹಾರ 19 ಜಾಕ್‌ಗಳ ಆ ಸಾಲಿನಲ್ಲಿ ಸಿಕ್ಕಿತು. ಬಳಸದೆ ಬಿಟ್ಟಿದ್ದ ಒಂದು ಜಾಕ್‌ಗೂ ಆಪ್‌ನಲ್ಲಿ ಜಿಗಿತದ ಕೆಲಸವನ್ನೇ ವಹಿಸಿ, ಅದರ ಸ್ವಿಚ್ಚನ್ನು ಬಲ ಮುಂಗೈಯ ಕೆಳಗೆ ಇರಿಸಿದೆ. ಈಗ ಮೊದಲ ಜಿಗಿತ ಅಂಗೈಯ ಅಂಚಿನಿಂದ, ಎರಡನೆಯದು ತೋಳನ್ನು ಹಿಂದಕ್ಕೆ ಎಳೆದಾಗ ಮುಂಗೈಯ ಭಾರದಿಂದ. ಎತ್ತಿ ಬೀಳಿಸುವ ಹೊತ್ತೇ ಇಲ್ಲವಾಯಿತು. ಈ ಬದಲಾವಣೆಯಾದ ಮೇಲೆ ಎದುರಾಳಿಯ ಪಾಳೆಯದಲ್ಲಿ ಕುಳಿತು ಆಡುತ್ತಿದ್ದ ನನ್ನ ತಮ್ಮ, ‘ಅಣ್ಣಾ, ಇದ ಹೆಂಗ ಹೊಡದಿ? ನಾ ಗುಂಡಿ ಒತ್ತೂದರಾಗ ಗೋಲ್ ಆಗೇ ಬಿಟ್ಟಿತು’ ಎಂದು ಕೇಳಿದ. ಅವನು ನನಗಾಗಿ ಆಟವನ್ನು ಸಡಿಲ ಬಿಡುವ ಜಾತಿಯವನಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ವೇಗದ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ತಂತಿಯೋ ವೈರ್‌ಲೆಸ್ಸೋ, ಪರದೆ ಎಷ್ಟು ಹರ್ಟ್ಸ್ ಎಂಬ ಚರ್ಚೆಗೆ ಇಳಿಯುತ್ತಾರೆ. ಸೆಕೆಂಡಿಗೆ 60 ಚೌಕಟ್ಟುಗಳ (ಪರದೆಯ ಮೇಲೆ ಬದಲಾಗುವ ಚಿತ್ರಗಳ) ಆಟದಲ್ಲಿ ಒಂದು ಚೌಕಟ್ಟಿನ ಆಯುಷ್ಯ ಸುಮಾರು 16.7 ಮಿಲಿಸೆಕೆಂಡು. ಕಣ್ಣಿಗೆ ಕಂಡದ್ದಕ್ಕೆ ಯಾವ ಆರೋಗ್ಯವಂತನ ಕೈಯಾದರೂ ಪ್ರತಿಕ್ರಿಯಿಸಲು ಸುಮಾರು 200ರಿಂದ 250 ಮಿಲಿಸೆಕೆಂಡು ಬೇಕು. ಅದರ ಮೇಲೆ ನನ್ನ ತೋಳು ಒಂದು ಗೇಣು ದೂರ ಸರಿಯಬೇಕಾಗಿ ಬಂದರೆ ಹೋಗುವ ಸಮಯದೆದುರು ತಂತಿ ಉಳಿಸಿಕೊಡುವ ಕೆಲವು ಮಿಲಿಸೆಕೆಂಡುಗಳು ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ನನ್ನಂಥವನಿಗೆ ವೇಗವನ್ನು ಕೊಡುವುದು ಸ್ವಿಚ್ಚಿನ ಜಾಗ. ಸ್ವಿಚ್ಚನ್ನು ಎರಡು ಬೆರಳಿನಷ್ಟು ಹತ್ತಿರಕ್ಕೆ ತಂದರೆ ಸಿಗುವ ಲಾಭವನ್ನು ಯಾವ ದುಬಾರಿ ಟಿವಿಯೂ ಕೊಡಲಾರದು. ನಾನು ತಂತಿಯಲ್ಲಿಯೇ ಆಡುವುದಾದರೂ ಅದಕ್ಕೆ ಕಾರಣ ಬ್ಯಾಟರಿ: ಅದು ಒಳಗೇ ಕೂತಿದ್ದು, ಹಳತಾದಾಗ ಮನೆಯಲ್ಲಿ ತೆಗೆದು ಬದಲಿಸುವಂತಿಲ್ಲ. ಇದನ್ನು ಕೊರತೆಯೆಂದೇ ಎಣಿಸುತ್ತೇನೆ.

ಇನ್ನೊಂದು ಕೊರತೆ ಜಾಕ್‌ಗಳದ್ದು. ಪ್ರತಿ ಜಾಕ್‌ನ ನೇರಕ್ಕೆ ಮೇಲ್ಮೈಯಲ್ಲಿ ಸಣ್ಣ ಗೀರುಗಳಿದ್ದು, ಹಿಂದಕ್ಕೆ ಬಾಗಿ ನೋಡದೆ ಪಿನ್ನನ್ನು ಸವರಿಕೊಂಡು ಹೋಗಿ ಸಿಕ್ಕಿಸಲು ಅವು ನೆರವಾಗುತ್ತವೆ. ಯೋಚನೆ ಚೆನ್ನಾಗಿದೆ. ಆದರೂ ಪಿನ್ ಹಿಡಿಯಲು ಬೆರಳು ಬೇಕೇಬೇಕು, ಹಾಗಾಗಿ ಮೊದಲ ಜೋಡಣೆಗೆ ನನಗೆ ತಮ್ಮ ಬೇಕಾಗುತ್ತಾನೆ. ಇದಕ್ಕೆ ನಾವು ಕಂಡುಕೊಂಡ ಉಪಾಯವೆಂದರೆ ಜೋಡಣೆಯನ್ನು ಎಂದೂ ಬಿಚ್ಚದಿರುವುದು. ಬಡಿಗೇರರಿಂದ ಗಾಲಿಕುರ್ಚಿಯ ತೋಳುಗಳ ಮೇಲೆ ಕೂರುವ ಪ್ಲೈವುಡ್ ಹಲಗೆಯೊಂದನ್ನು ಮಾಡಿಸಿ, ಕಂಟ್ರೋಲರ್, ಜಾಯ್‌ಸ್ಟಿಕ್, ಸ್ವಿಚ್ಚುಗಳನ್ನೆಲ್ಲ ಅದಕ್ಕೆ ಕಾಯಂ ಆಗಿ ಕೂರಿಸಿದ್ದೇವೆ. ಹಲಗೆಯನ್ನು ಎತ್ತಿಟ್ಟು, ತಲೆದಿಂಬಿನ ಒಂದು ತಂತಿಯನ್ನು ಸಿಕ್ಕಿಸಿದರೆ ಆಟಕ್ಕೆ ಸಿದ್ಧ. ಅವ್ವನೂ ಅದನ್ನು ಮಾಡಬಲ್ಲಳು, ಮಾಡುತ್ತಾಳೆ ಕೂಡ.

ಆರಂಭದಲ್ಲಿ ಬಹಳ ನೆರವಾದ ಇನ್ನೊಂದು ಸೌಲಭ್ಯ ಎಕ್ಸ್‌ಬಾಕ್ಸ್‌ನ ಕೋಪೈಲಟ್ (ಈಗಿನ ಹೆಸರು ಕಂಟ್ರೋಲರ್ ಅಸಿಸ್ಟ್). ಎರಡು ಕಂಟ್ರೋಲರುಗಳನ್ನು ಒಂದೇ ಆಟಗಾರನದೆಂದು ಕನ್ಸೋಲ್, ಅಂದರೆ ಎಕ್ಸ್‌ಬಾಕ್ಸ್ ಯಂತ್ರ, ಪರಿಗಣಿಸುತ್ತದೆ, ಹೀಗಾಗಿ ನನಗೆ ಎಟುಕದ ಗುಂಡಿಗಳನ್ನು ತಮ್ಮ ಮಾಮೂಲು ಕಂಟ್ರೋಲರಿನಿಂದ ಒತ್ತುತ್ತಿದ್ದ. ಹೊಸಬರು ಮೊದಲು ಇದನ್ನೇ ಬಳಸಲಿ. ಯಾವ ಗುಂಡಿಯನ್ನು ಜೊತೆಗಾರ ಪದೇ ಪದೇ ಒತ್ತಬೇಕಾಗುತ್ತಿದೆಯೋ ಮುಂದಿನ ಸ್ವಿಚ್ಚನ್ನು ಅದಕ್ಕೇ ಮಾಡಿಸಿದರಾಯಿತು.

ಬೇರೆ ಆಟಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಕಾರು ಓಟದ ಆಟವಾದ ಫೋರ್ಜಾ ಹೊರೈಜನ್ 5ರಲ್ಲಿ ಸ್ವಿಚ್ಚಿನ ಆಕ್ಸಿಲರೇಟರ್ ಪೂರ್ತಿ ಒತ್ತಿದಂತೆ ಇಲ್ಲವೇ ಪೂರ್ತಿ ಬಿಟ್ಟಂತೆ ವರ್ತಿಸುವುದರಿಂದ ತಿರುವುಗಳಲ್ಲಿ ಚಕ್ರ ಜಾರುತ್ತದೆ. ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಮತ್ತು ಬ್ರೇಕಿನ ನೆರವನ್ನು ಆನ್ ಮಾಡಿಕೊಂಡರೆ ಆಟ ಹಿಡಿತಕ್ಕೆ ಬರುತ್ತದೆ, ಒಬ್ಬರೇ ಆಡುವಾಗ ಇಡೀ ಆಟದ ವೇಗವನ್ನೇ ತಗ್ಗಿಸುವ ಆಯ್ಕೆಯೂ ಇದೆ. ಕಲಿಯುವಾಗ ತಗ್ಗಿಸಿ, ಬಳಿಕ ಏರಿಸಿಕೊಳ್ಳಬಹುದು. ಹೊಡೆದಾಟದ ಆಟಗಳಲ್ಲಿ 2023ರ ಸ್ಟ್ರೀಟ್ ಫೈಟರ್ 6ರ ಮಾಡರ್ನ್ ಎಂಬ ನಿಯಂತ್ರಣ ಕ್ರಮ ನನ್ನಂಥವರಿಗೆ ದೊಡ್ಡ ಬಾಗಿಲನ್ನೇ ತೆರೆದಿದೆ. ಕಡ್ಡಿಯನ್ನು ಸುತ್ತಿಸಿ ಮಾಡಬೇಕಾಗಿದ್ದ ವಿಶೇಷ ಹೊಡೆತಗಳು ಅಲ್ಲಿ ಒಂದು ದಿಕ್ಕು ಮತ್ತು ಒಂದು ಗುಂಡಿಯಿಂದ ಬರುತ್ತವೆ. ಅದನ್ನು ಎಲ್ಲರೂ ಆರಿಸಿಕೊಳ್ಳಬಹುದಾದ ಕ್ರಮವಾಗಿ ಇಟ್ಟಿರುವುದು ನನಗೆ ವಿಶೇಷವಾಗಿ ಮೆಚ್ಚುಗೆಯಾದ ಅಂಶ.

ಸೋನಿ ಕಂಪನಿಯ ಆಕ್ಸೆಸ್ ಕಂಟ್ರೋಲರ್ 2023ರ ಡಿಸೆಂಬರ್‌ನಲ್ಲಿ ಬಂದಿತು. ಅದು ದುಂಡಗಿದ್ದು, ಸುತ್ತಲೂ ಗುಂಡಿಗಳೂ ಒಂದು ಕಡ್ಡಿಯೂ ಅದರಲ್ಲೇ ಇರುವುದರಿಂದ ಪೆಟ್ಟಿಗೆ ತೆರೆದ ದಿನವೇ ಆಡಬಹುದು. ಆದರೆ ಹೊರಗಿನ ಸ್ವಿಚ್ಚುಗಳಿಗೆ 4 ಜಾಕ್‌ಗಳು ಮಾತ್ರ, ಸೋನಿ ಅದನ್ನು ಮಾಡಿರುವುದು ತನ್ನ ಗೇಮ್ ಯಂತ್ರವಾದ ಪ್ಲೇಸ್ಟೇಷನ್ 5ಕ್ಕೆಂದು. ಅಂಗೈ ಚಲನೆ ಚೆನ್ನಾಗಿದ್ದು ಬೆರಳುಗಳಷ್ಟೇ ದುರ್ಬಲವಾಗಿರುವವರು ಅದನ್ನು ನೋಡಬಹುದು. ತಲೆ, ಮೊಳಕೈ, ಮುಂಗೈಗಳಿಗೆಲ್ಲ ಕೆಲಸ ಹಂಚಬೇಕಾದ ನನಗೆ ಎಕ್ಸ್‌ಬಾಕ್ಸ್‌ನ 19 ಜಾಕ್‌ಗಳೇ ಬೇಕು. ಅದು ವಿಂಡೋಸ್ ಕಂಪ್ಯೂಟರಿನಲ್ಲಿಯೂ ನಡೆಯುತ್ತದೆ ಎಂಬುದು ಕನ್ಸೋಲ್ ಇಲ್ಲದ ಮನೆಗಳಿಗೆ ಮುಖ್ಯವಾದ ಸಂಗತಿ.

ನಮ್ಮ ಊರಿನ ಹವೆಯ ಬಗ್ಗೆ ಹೇಳದಿದ್ದರೆ ಇಲ್ಲಿನ ಓದುಗರಿಗೆ ಅನ್ಯಾಯವಾಗುತ್ತದೆ. ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರ ದೇಹ ಗಾಯದ ಕೆಳಭಾಗದಲ್ಲಿ ಸರಿಯಾಗಿ ಬೆವರದು, ಹಾಗಾಗಿ ಸೆಕೆಯಲ್ಲಿ ಮೈ ಬೇಗ ಕಾಯುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ಮುಟ್ಟುವ ವಿಜಯಪುರದಲ್ಲಿ, ಉದ್ವೇಗ ಹುಟ್ಟಿಸುವ ಆಟದ ನಡುವೆ ಇದು ಅರಿವಿಗೆ ಬಾರದೆ ಅಪಾಯಕ್ಕೆ ಎಳೆಯಬಹುದು. ಬೇಸಿಗೆಯಲ್ಲಿ ನಾನು ನಸುಕಿನಲ್ಲಿ ಇಲ್ಲವೇ ರಾತ್ರಿ ಊಟದ ನಂತರ ಮಾತ್ರ ಆಡುತ್ತೇನೆ, ಕತ್ತಿಗೆ ಒದ್ದೆ ಪಂಚೆ ಸುತ್ತಿಕೊಂಡಿರುತ್ತೇನೆ, ಕೂಲರಿನ ಗಾಳಿ ನೇರವಾಗಿ ಮೈಮೇಲೆ ಬರುವಂತೆ ಇರಿಸಿಕೊಂಡಿದ್ದೇನೆ. ಕೂತ ಭಾಗದ ಮೇಲಿನ ಒತ್ತಡವನ್ನು 15ರಿಂದ 30 ನಿಮಿಷಗಳಿಗೊಮ್ಮೆ ಇಳಿಸಬೇಕೆಂದು ಫಿಸಿಯೋಥೆರಪಿಯವರು ಹೇಳುವ ನಿಯಮಕ್ಕೆ 5 ನಿಮಿಷಗಳ ಪಂದ್ಯಗಳು ಚೆನ್ನಾಗಿ ಹೊಂದಿಕೆಯಾಗುತ್ತವೆ. ಪ್ರತಿ ಮೂರನೆಯ ಪಂದ್ಯ ಮುಗಿದಾಗ ತಮ್ಮ ಹಲಗೆಯನ್ನು ಸರಿಸಿ ನನ್ನನ್ನು ಮುಂದಕ್ಕೆ ಬಾಗಿಸುತ್ತಾನೆ, ಮತ್ತೆ ಆಟ. ಮುಗಿಯುವ ಗೊತ್ತಿಲ್ಲದ ಆಟಗಳಲ್ಲಿ ಈ ಶಿಸ್ತು ತಪ್ಪುತ್ತದೆ.

ಹಣದ ಮಾತು. ವಿಜಯಪುರದ ಯಾವ ಅಂಗಡಿಯಲ್ಲಿಯೂ ನಾನು ಈ ಸಾಧನವನ್ನು ಕಂಡಿಲ್ಲ. ಅಮೆರಿಕದಲ್ಲಿರುವ ಕಾಕಾನ ಮಗ ರಜೆಗೆ ಬಂದಾಗ ತಂದುಕೊಟ್ಟ. ಕೇಂದ್ರ ಸರಕಾರದ ಎಡಿಐಪಿ ಯೋಜನೆಯಲ್ಲಿ ಗಾಲಿಕುರ್ಚಿ, ತ್ರಿಚಕ್ರ ಸೈಕಲ್, ಊರುಗೋಲು, ಶ್ರವಣಯಂತ್ರಗಳನ್ನು ಕೊಡುವುದನ್ನು ನಾವೆಲ್ಲ ಬಲ್ಲೆವು. ಆಟದ ಸಾಧನ ಕೇಳಿದರೆ ನಗುವವರೇ ಹೆಚ್ಚು. ಆದರೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ 29ನೆಯ ಕಲಮು ಸಂಸ್ಕೃತಿ ಮತ್ತು ಮನರಂಜನೆಗೇ ಮೀಸಲಾಗಿದೆ, ಮನರಂಜನಾ ಚಟುವಟಿಕೆಗಳಲ್ಲಿ ಅಂಗವಿಕಲರು ಪಾಲ್ಗೊಳ್ಳುವಂತೆ ತಂತ್ರಜ್ಞಾನ ಮತ್ತು ಸಹಾಯಕ ಸಾಧನಗಳನ್ನು ಅಭಿವೃದ್ಧಿಪಡಿಸುವುದೂ ಅದರಲ್ಲಿ ಸೇರಿದೆ. ಕಾನೂನು ಆಟವನ್ನು ಹಕ್ಕಿನ ಸಾಲಿನಲ್ಲಿ ಕೂರಿಸಿರುವಾಗ, ಜಿಲ್ಲೆಗೊಂದು ಪುನರ್ವಸತಿ ಕೇಂದ್ರದಲ್ಲಾದರೂ ಇಂಥ ಒಂದು ಸಾಧನವೂ ಒಂದು ಬುಟ್ಟಿ ಸ್ವಿಚ್ಚುಗಳೂ ಇದ್ದು, ಕೊಳ್ಳುವ ಮೊದಲು ಕೈಯಿಟ್ಟು ನೋಡುವಂತಿರಬೇಕು ಎಂದು ನಾನು ಗಟ್ಟಿಯಾಗಿ ಕೇಳುತ್ತೇನೆ.

ನನಗೆ ಇನ್ನೂ ಎಟುಕದ್ದು ಗುಂಡಿನ ಆಟಗಳು. ಓಡಲು ಒಂದು ಕಡ್ಡಿ, ಗುರಿ ಹಿಡಿಯಲು ಇನ್ನೊಂದು ಕಡ್ಡಿ ಏಕಕಾಲಕ್ಕೆ ಬೇಕಾದ ಆ ಆಟಗಳಲ್ಲಿ ಬಲಗೈಗೂ ಒಂದು ಜಾಯ್‌ಸ್ಟಿಕ್ ಕೊಟ್ಟರೆ ಜಿಗಿತ, ಗುಂಡು, ಮದ್ದು ತುಂಬುವಿಕೆ ಎಲ್ಲವೂ ತಲೆ ಮತ್ತು ಮೊಳಕೈಗಳ ಪಾಲಿಗೆ ಬರುತ್ತವೆ, ಅಷ್ಟು ಕೆಲಸಕ್ಕೆ ಅವು ಸಾಲುವುದಿಲ್ಲ. ಗುಂಡಿಯೊಂದನ್ನು ಒತ್ತಿ ಹಿಡಿದಾಗ ಉಳಿದ ಗುಂಡಿಗಳಿಗೆ ಎರಡನೆಯ ಕೆಲಸ ಬರುವ ಶಿಫ್ಟ್ ಎಂಬ ವ್ಯವಸ್ಥೆ ಆಪ್‌ನಲ್ಲಿದೆ. ಅದನ್ನು ಗಲ್ಲದ ಬಳಿಯ ಸ್ವಿಚ್ಚಿಗೆ ಜೋಡಿಸುವ ಕೆಲಸ ಈಗ ನಡೆದಿದೆ.

ಯು ಹಿಡಿಕೆ ಮಾಡಿಸಿಕೊಳ್ಳುವವರಿಗೆ ನನ್ನ ಅಳತೆಗಳು: ಕೊಂಬುಗಳ ಎತ್ತರ ನಾಲ್ಕು ಬೆರಳು, ನಡುವಿನ ಅಂತರ ನಿಮ್ಮ ಮಣಿಕಟ್ಟಿನ ಅಗಲಕ್ಕಿಂತ ಒಂದು ಬೆರಳು ಹೆಚ್ಚು, ಪಟ್ಟಿಯ ದಪ್ಪ 3 ಮಿ.ಮೀ.ಗಿಂತ ಹೆಚ್ಚು ಬೇಡ, ಹಿಡಿಕೆ ಭಾರವಾದರೆ ಜಾಯ್‌ಸ್ಟಿಕ್ ತಾನಾಗಿ ನಡುವಿಗೆ ಮರಳುವುದಿಲ್ಲ. ಸೈಕಲ್ ಟ್ಯೂಬನ್ನು ಅಂಟು ಹಾಕದೆ ಸುತ್ತಿಸಿ. ಬೇಸಿಗೆಯಲ್ಲಿ ಅಂಟು ಕರಗಿ ಚರ್ಮಕ್ಕೆ ಹತ್ತುತ್ತದೆ.